ಟರ್ಬೊ ಕಾರಿಗೆ ಜ್ವರ ಬಂದಾಗ



ಈ ವಾರ ನನ್ನ ಲೆಕ್ಕದ ಪುಸ್ತಕದಲ್ಲಿ ಬಡ್ಡಿಯೂ ಇಲ್ಲ, ಮಾವಿನಹಣ್ಣೂ ಇಲ್ಲ. ಒಂದು ಕಾರು ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಈ ಮುದುಕನಿಗೆ ಕಾರಿನ ಎಂಜಿನ್ ಬಗ್ಗೆ ಏನು ಗೊತ್ತು ಅಂತ ಕೇಳಬೇಡಿ. ಎರಡು ತಿಂಗಳ ಹಿಂದೆ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದಲೇ ಕಲಿತದ್ದು ಇಷ್ಟೆಲ್ಲ.

ನನ್ನ ದೊಡ್ಡ ಮೊಮ್ಮಗ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಸಣ್ಣ ಟರ್ಬೊ ಪೆಟ್ರೋಲ್ ಕಾರು. ನಾವಿರುವುದು ಶಿವಮೊಗ್ಗದಲ್ಲಿ, ಮಗಳ ಮನೆ ಉಡುಪಿಯಲ್ಲಿ. ಬೇಸಗೆ ರಜೆಯಲ್ಲಿ ಅವನು ನನ್ನನ್ನೂ ಅವನ ಅಜ್ಜಿಯನ್ನೂ ಆರನೇ ಕ್ಲಾಸಿನ ಪುಟ್ಟಿಯನ್ನೂ ಕೂರಿಸಿಕೊಂಡು ಹೋದ. ಹೋಗುವಾಗ ಇಳಿಜಾರು, ಏನೂ ತೊಂದರೆಯಿಲ್ಲ. ವಾಪಸು ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಲ್ಲ? 14 ಹೇರ್‌ಪಿನ್ ತಿರುವು. ಮಧ್ಯಾಹ್ನದ ಬಿಸಿಲು, ಎ.ಸಿ. ಓಡುತ್ತಿತ್ತು, ಹಿಂದೆ ಡಿಕ್ಕಿ ತುಂಬ ತೆಂಗಿನಕಾಯಿ. ಒಂಬತ್ತನೇ ತಿರುವಿನಲ್ಲಿ ಕಾರು ಉಸಿರು ಬಿಟ್ಟಿತು. ಎಂಜಿನ್ ಓಡುತ್ತಿದೆ, ಶಕ್ತಿಯೇ ಇಲ್ಲ. ತಿರುವಿನ ನಡುವೆ ಕಾರು ಹಿಂದಕ್ಕೆ ಜಾರಿದಂತಾಯಿತು. ಹಿಂದೆ ಒಂದು ಮಿನಿ ಬಸ್ಸು, ಹಾರ್ನ್ ಮೇಲೆ ಹಾರ್ನ್. ಮೊಮ್ಮಗ ಹೇಗೋ ಸಂಭಾಳಿಸಿ ಮೇಲೆ ತಂದ. ಆದರೆ ಅಜ್ಜಿಯ ಕೈ ನಡುಗುವುದು ತೀರ್ಥಹಳ್ಳಿ ಬಂದರೂ ನಿಲ್ಲಲಿಲ್ಲ. ಮನೆಗೆ ಬಂದು ಕಾಲು ತೊಳೆದವಳೇ, "ನಾನಿನ್ನು ಆ ಕಾರು ಹತ್ತಲ್ಲ" ಅಂದಳು.

ಎರಡು ವಾರ ಕಳೆದ ಮೇಲೆ ಮೊಮ್ಮಗ ಒಂದು ಚೀಟಿ ಹಿಡಿದು ಬಂದ. ಕಾರುಗಳಿಗೆ ಬೇರೆ ಭಾಗ ಜೋಡಿಸಿ ಜೋರು ಮಾಡುವ ಅಂಗಡಿಯೊಂದರ ಅಂದಾಜು ಪಟ್ಟಿ. ದೊಡ್ಡ ಇಂಟರ್‌ಕೂಲರ್, ದಪ್ಪ ಪೈಪು, ಕೂಲಿ ಸೇರಿ 48,000 ರೂಪಾಯಿ. ಆಯಿಲ್ ಕೂಲರ್ 18,000. ಒಟ್ಟು 66,000. "ಅಜ್ಜ, ಅರ್ಧ ನನ್ನ ಹತ್ರ ಇದೆ. ಉಳಿದರ್ಧ ನೀವು ಸಾಲ ಕೊಡಿ, ತಿಂಗಳು ತಿಂಗಳು ತೀರಿಸ್ತೀನಿ" ಅಂದ.

ನಾನು ಚೀಟಿಯನ್ನು ಪೂರ್ತಿ ಓದಲೂ ಇಲ್ಲ. "ಕಾರು ರೇಸು ಓಡಿಸೋ ಚಟಕ್ಕೆ ನನ್ನ ಎಫ್.ಡಿ. ಮುರಿಯಬೇಕೇನೋ?" ಅಂದುಬಿಟ್ಟೆ. ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಆಮೇಲೆ ಎರಡು ಭಾನುವಾರ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ವಿಷಯ ಹೇಳಿದ್ದು ಪುಟ್ಟಿ. "ಅಜ್ಜ, ಅಣ್ಣ ರೇಸಿಗಲ್ಲ ಕೇಳಿದ್ದು. ಅಜ್ಜಿ ಮತ್ತೆ ಕಾರು ಹತ್ತಲಿ ಅಂತ ಕೇಳಿದ್ದು."

ಮಕ್ಕಳೇ, ಸಾಲದ ಅರ್ಜಿಯಲ್ಲಿ 'ಉದ್ದೇಶ' ಅಂತ ಒಂದು ಕಾಲಂ ಇರುತ್ತದೆ. 36 ವರ್ಷ ಕೌಂಟರಿನಲ್ಲಿ ಕೂತು, ಆ ಕಾಲಂ ಖಾಲಿ ಬಿಟ್ಟವರನ್ನೆಲ್ಲ ವಾಪಸು ಕಳಿಸಿದವನು ನಾನು. ಸ್ವಂತ ಮೊಮ್ಮಗನಿಗೆ ಮಾತ್ರ ಉದ್ದೇಶ ಏನು ಅಂತ ಕೇಳಲೇ ಇಲ್ಲ. ಆ ರಾತ್ರಿಯೇ ಫೋನ್ ಮಾಡಿದೆ. "ನಾಳೆ ಬಾ ಮಾರಾಯ. ಚೀಟಿ ತಗೊಂಡು ಬಾ. ದುಡ್ಡು ಕೊಡ್ತೀನೋ ಇಲ್ವೋ ಆಮೇಲೆ. ಮೊದಲು ಲೆಕ್ಕ ಹಾಕೋಣ" ಅಂದೆ. ಅವನು ಬಂದ. ಅಜ್ಜಿ ಉಪ್ಪಿಟ್ಟು ಮಾಡಿದಳು. ಲೆಕ್ಕ ಶುರುವಾಯಿತು.

ಟರ್ಬೊ ಅಂದರೇನು? ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯನ್ನು ಸುಮ್ಮನೆ ಬಿಡದೆ ಅದರಿಂದ ಒಂದು ಪುಟ್ಟ ಚಕ್ರ ತಿರುಗಿಸುತ್ತಾರೆ. ಅದೇ ಕಂಬಿಯ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಉರಿಸಬಹುದು, ಸಣ್ಣ ಎಂಜಿನ್ನಿಗೆ ದೊಡ್ಡ ಶಕ್ತಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಎಂಬವರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಈ ಚಕ್ರ ಎಷ್ಟು ಜೋರಾಗಿ ತಿರುಗುತ್ತದೆ ಗೊತ್ತೇ? ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ನಿಮಿಷಕ್ಕೆ ಸುಮಾರು 300 ಸುತ್ತು. ಟರ್ಬೊ ಒಂದು ಲಕ್ಷವನ್ನೂ ದಾಟುತ್ತದೆ. ಒಂದೂವರೆ ಲಕ್ಷ ಅಂತಿಟ್ಟುಕೊಂಡರೆ ಫ್ಯಾನಿನ 500 ಪಟ್ಟು.

ಇಲ್ಲಿಯೇ ಒಂದು ತೊಡಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದಕ್ಕೆ ಬಿಸಿ ಏರುತ್ತದೆ. 30 ಡಿಗ್ರಿಯ ಗಾಳಿಯನ್ನು ಹೊರಗಿನ ಒತ್ತಡದ ಎರಡು ಪಟ್ಟಿಗೆ ಒತ್ತಿದರೆ, ಟರ್ಬೊದಿಂದ ಹೊರಬರುವಾಗ ಅದು ಸುಮಾರು 120 ಡಿಗ್ರಿ ಆಗಿರುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಅದೇ ಜಾಗದಲ್ಲಿ ಕಡಿಮೆ ಗಾಳಿ ಹಿಡಿಸುತ್ತದೆ. ಸಂತೆಯಲ್ಲಿ ಹತ್ತಿಯನ್ನು ಅದುಮಿ ತುಂಬಿದ ಚೀಲಕ್ಕೂ ಸಡಿಲವಾಗಿ ತುಂಬಿದ ಚೀಲಕ್ಕೂ ಇರುವಷ್ಟು ವ್ಯತ್ಯಾಸ. ಸಾಲದ್ದಕ್ಕೆ, ಬಿಸಿ ಗಾಳಿ ಹೋದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತು ತಪ್ಪಿ ಹೊತ್ತಿಕೊಂಡು 'ಟಕಟಕ' ಬಡಿಯುತ್ತದೆ. ಅದು ಎಂಜಿನ್ನಿಗೆ ಅಪಾಯ. ಹಾಗಾಗದಿರಲಿ ಎಂದು ಕಾರಿನ ಕಂಪ್ಯೂಟರ್ ತಾನೇ ಶಕ್ತಿ ಇಳಿಸಿಬಿಡುತ್ತದೆ.

ಈ ಗಾಳಿಯ ಜ್ವರ ಇಳಿಸುವ ತಣ್ಣೀರು ಬಟ್ಟೆಯೇ ಇಂಟರ್‌ಕೂಲರ್. ನೋಡಲು ರೇಡಿಯೇಟರಿನ ತಮ್ಮನ ಹಾಗೆ. ಒಳಗೆ ಟರ್ಬೊದ ಬಿಸಿ ಗಾಳಿ, ಹೊರಗೆ ಓಟದ ತಣ್ಣನೆ ಗಾಳಿ.

"ಹಾಗಾದ್ರೆ ದೊಡ್ಡದು ಹಾಕಿದಷ್ಟೂ ಒಳ್ಳೇದಲ್ವಾ ಅಜ್ಜ?" ಅಂದಳು ಪುಟ್ಟಿ. ಇದೇ ಪ್ರಶ್ನೆ ನನ್ನದೂ. ಉತ್ತರ ಗೊತ್ತಿದ್ದವರು ನಮ್ಮ ಬೀದಿ ತುದಿಯ ಹಳೆಯ ಮೆಕ್ಯಾನಿಕ್. ಅವರು ಚೀಟಿ ನೋಡಿ ನಕ್ಕು, "ಯಜಮಾನ್ರೇ, ಜ್ವರ ಎಷ್ಟಿದೆ ಅಂತ ನೋಡದೆ ಔಷಧಿ ತಗೊಳ್ತೀರಾ? ಮೊದ್ಲು ಥರ್ಮಾಮೀಟರ್ ಇಡಿ" ಅಂದರು.

ಕಾರಿನ ಒ.ಬಿ.ಡಿ. ಸಾಕೆಟ್ಟಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದು ಸಿಗುತ್ತದೆ. ಅದು ಎಂಜಿನ್ನಿನ ಅಂಕಿಗಳನ್ನು ಮೊಬೈಲಿಗೆ ಕಳಿಸುತ್ತದೆ. ಆಯಿಲ್ಲಿನ ಬಿಸಿಯನ್ನು ಎಲ್ಲ ಕಾರುಗಳೂ ತೋರಿಸುವುದಿಲ್ಲ, ಮೊಮ್ಮಗನ ಕಾರು ತೋರಿಸಿತು. ಅವನು ಡ್ರೈವಿಂಗ್, ಮೆಕ್ಯಾನಿಕ್ ಪಕ್ಕದಲ್ಲಿ, ನಾನು ಹಿಂದೆ ನೋಟ್‌ಬುಕ್ ಹಿಡಿದು. ಮತ್ತೆ ಸೋಮೇಶ್ವರದಿಂದ ಆಗುಂಬೆಗೆ. ಹೊರಗೆ 33 ಡಿಗ್ರಿ. ಸಮತಟ್ಟು ರಸ್ತೆಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿ 46 ಡಿಗ್ರಿ, ಆಯಿಲ್ 98. ಘಾಟಿಯ ಮೇಲ್ತುದಿಗೆ ಬರುವಷ್ಟರಲ್ಲಿ ಗಾಳಿ 78, ಆಯಿಲ್ 116. ಜೊತೆಗೆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮುಂದಿನಿಂದ ಸಣ್ಣ ಸೀಟಿಯ ಸದ್ದು.

"ಸಿಕ್ತು" ಅಂದರು ಮೆಕ್ಯಾನಿಕ್.

ಗ್ಯಾರೇಜಿಗೆ ಬಂದು ಬಂಪರ್ ಬಿಚ್ಚಿದರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಮುಳುಗಿಸಿ ಗುಳ್ಳೆ ನೋಡುತ್ತಾರಲ್ಲ, ಅದೇ ಉಪಾಯ. ಇಂಟರ್‌ಕೂಲರ್ ಪೈಪಿನ ಬಾಯಿ ಮುಚ್ಚಿ ಒಳಗೆ ಗಾಳಿ ತುಂಬಿ, ಮೇಲೆ ಸೋಪಿನ ನೊರೆ ಹಚ್ಚಿದರು. ಕೂಲರಿನ ಬದಿಯಲ್ಲಿರುವ ಪ್ಲಾಸ್ಟಿಕ್ ತೊಟ್ಟಿಯ ಅಂಚಿನಲ್ಲಿ ಗುಳ್ಳೆಗಳು ಬುಸಬುಸ ಎದ್ದವು. ಪುಟ್ಟಿ ಚಪ್ಪಾಳೆ ತಟ್ಟಿದಳು. ಅಲ್ಲಿ ಬಿರುಕು. ಒತ್ತಿದ ಗಾಳಿ ಅಲ್ಲಿಂದ ಸೋರುತ್ತಿತ್ತು. ಸೋರಿದ್ದನ್ನು ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತಿತ್ತು. ಜೋರಾಗಿ ತಿರುಗಿದಷ್ಟೂ ಗಾಳಿಗೆ ಇನ್ನಷ್ಟು ಬಿಸಿ. ಇನ್ನೂ ಎರಡು ಸಂಗತಿ: ಕೂಲರಿನ ರೆಕ್ಕೆಗಳ ನಡುವೆ ಕೆಸರು, ಹುಳುಗಳ ರೆಕ್ಕೆ, ಭತ್ತದ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಓಟದ ಗಾಳಿಯನ್ನು ಕೂಲರಿನ ಕಡೆಗೆ ತಿರುಗಿಸುವ ಪ್ಲಾಸ್ಟಿಕ್ ತಗಡು ಇರಲೇ ಇಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಎಲ್ಲೋ ಕಿತ್ತುಹೋಗಿತ್ತು. ಆ ತಗಡಿಲ್ಲದಿದ್ದರೆ ಗಾಳಿ ಸಂದಿ ಹುಡುಕಿಕೊಂಡು ಪಕ್ಕದಿಂದ ಹೋಗುತ್ತದೆ, ಕೂಲರಿನ ಒಳಗೆ ನುಗ್ಗುವುದಿಲ್ಲ.

ಈಗ ಹೊಸ ಇಂಟರ್‌ಕೂಲರ್ ಅಂತೂ ಬೇಕು. ಯಾವುದು? ಮೂರು ಕೊಟೇಷನ್ ತರಿಸಿದೆವು. ಬ್ಯಾಂಕಿನ ಅಭ್ಯಾಸ, ಬಿಡಲಾಗುವುದಿಲ್ಲ.

ಒಂದು: ಹಳೆಯದರ ಹಾಗೇ, ಪ್ಲಾಸ್ಟಿಕ್ ತೊಟ್ಟಿಯದು, 9,000. ಎರಡು: ಅದೇ ಅಳತೆ, ಅದೇ ಜಾಗ, ಆದರೆ ತೊಟ್ಟಿಯೂ ಅಲ್ಯೂಮಿನಿಯಮ್, ಬೆಸುಗೆ ಹಾಕಿದ್ದು, 14,500. ಮೂರು: ಚೀಟಿಯಲ್ಲಿದ್ದ ದೊಡ್ಡದು, ಬಂಪರಿನ ಒಳಭಾಗ ಕೊಯ್ದು ಕೂರಿಸಬೇಕು, 48,000.

ಮೆಕ್ಯಾನಿಕ್ ಹೇಳಿದ ಮಾತನ್ನು ನಾನು ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ.

ಗಾಳಿಯಿಂದ ಗಾಳಿಯನ್ನು ತಣಿಸುವ ಕೂಲರ್ ಹೊರಗಿನ ಗಾಳಿಗಿಂತ ಕೆಳಕ್ಕೆ ಇಳಿಸಲಾರದು. ಹೊರಗೆ 33 ಇದ್ದರೆ ಬಸ್ಸಿನಷ್ಟು ದೊಡ್ಡ ಕೂಲರ್ ಹಾಕಿದರೂ 33ಕ್ಕಿಂತ ಕಡಿಮೆ ಆಗದು. ಹಾಗಾಗಿ ಮೊದಮೊದಲು ಇಳಿಸುವ ಡಿಗ್ರಿ ಅಗ್ಗ, ಕೊನೆಯ ಡಿಗ್ರಿಗಳು ದುಬಾರಿ.

ದಪ್ಪಕ್ಕಿಂತ ಅಗಲ ಮುಖ್ಯ. ದಪ್ಪ ಕೂಲರಿನ ಮುಂಭಾಗದಲ್ಲೇ ಬಿಸಿಯಾದ ಗಾಳಿ ಹಿಂಭಾಗಕ್ಕೆ ಹೋಗುತ್ತದೆ, ಅದು ಇನ್ನೇನು ತಣಿಸೀತು? ಅದರ ಹಿಂದೆ ಎ.ಸಿ.ಯ ಕಂಡೆನ್ಸರ್, ರೇಡಿಯೇಟರ್ ಇದ್ದಾವೆ. ಅವಕ್ಕೂ ಗಾಳಿ ಬೇಕು. ಮುಂದೆ ಗೋಡೆ ಕಟ್ಟಿದರೆ ಗಾಳಿಯ ಜ್ವರ ಇಳಿದು ನೀರಿನ ಜ್ವರ ಏರುತ್ತದೆ. ಘಾಟಿಯಲ್ಲಿ ಕಾರು 25-30 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಮೊದಲೇ ಗಾಳಿ ಕಡಿಮೆ.

ಒಳಗಿನ ದಾರಿಯೂ ಮುಖ್ಯ. ಜರಡಿ ತೀರ ಸಣ್ಣದಾದರೆ ಹಿಟ್ಟು ಇಳಿಯಲು ಹೊತ್ತು ಬೇಕು. ಕೂಲರಿನ ಒಳಗೆ ಅಡ್ಡಿ ಹೆಚ್ಚಾದರೆ ಟರ್ಬೊ ಕಷ್ಟಪಟ್ಟು ಏರಿಸಿದ ಒತ್ತಡ ಅಲ್ಲೇ ಇಳಿಯುತ್ತದೆ. 'ಒಳಗೆ ಒತ್ತಡ ಎಷ್ಟು ಇಳಿಯುತ್ತದೆ' ಎಂದು ಮಾರುವವರನ್ನು ಕೇಳಬೇಕು. ನಾವು ಕೇಳಿದ ಅಂಗಡಿಯವರು ಬಣ್ಣದ ಬಗ್ಗೆ ಹೇಳಿದರು, ಈ ಅಂಕಿ ಹೇಳಲಿಲ್ಲ. ಮತ್ತೆ, ಕೂಲರೂ ಪೈಪೂ ತೀರ ದೊಡ್ಡದಾದರೆ ಅಷ್ಟನ್ನೂ ತುಂಬಿದ ಮೇಲೆಯೇ ಗಾಳಿ ಎಂಜಿನ್ ಮುಟ್ಟುವುದು. ತಿರುವಿನಲ್ಲಿ ಕಾಲು ಒತ್ತಿದ ಮೇಲೆ ಶಕ್ತಿ ಬರಲು ಒಂದು ಗಳಿಗೆ ತಡವಾಗುತ್ತದೆ. ಅಜ್ಜಿ ಹೆದರಿದ್ದು ಆ ಗಳಿಗೆಗೇ ತಾನೆ?

ಇನ್ನು ನನ್ನ ಲೆಕ್ಕ. ದೊಡ್ಡ ಕ್ಲಾಸಿನ ಮಕ್ಕಳಿಗೆ ಗೊತ್ತಿರುತ್ತದೆ: ಗಾಳಿಯ ಲೆಕ್ಕ ಹಾಕುವಾಗ ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಬೇಕು. 78 ಡಿಗ್ರಿ ಅಂದರೆ 351. ಸರಿಯಾದ ಹೊಸ ಕೂಲರ್ 52 ಡಿಗ್ರಿಗೆ ತಂದರೆ 325. 351ನ್ನು 325ರಿಂದ ಭಾಗಿಸಿದರೆ 1.08. ಅಂದರೆ ಅದೇ ಒತ್ತಡದಲ್ಲಿ ನೂರಕ್ಕೆ ಎಂಟು ಪಾಲು ಹೆಚ್ಚು ಗಾಳಿ. ದೊಡ್ಡ ಕೂಲರ್ 45 ಡಿಗ್ರಿಗೆ ತರುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಅದನ್ನೇ ನಂಬೋಣ. 45 ಅಂದರೆ 318. 325ನ್ನು 318ರಿಂದ ಭಾಗಿಸಿದರೆ 1.02. ನೂರಕ್ಕೆ ಎರಡೇ ಪಾಲು. ಆ ಎರಡು ಪಾಲಿಗೆ ಹೆಚ್ಚಿಗೆ ಕೊಡಬೇಕಾದ ದುಡ್ಡು 33,500 ರೂಪಾಯಿ!

ಮೊಮ್ಮಗ ಪೆನ್ನು ಕಸಿದುಕೊಂಡು ತಾನೇ ಇನ್ನೊಮ್ಮೆ ಭಾಗಿಸಿ ನೋಡಿದ. ಆಮೇಲೆ ಏನೂ ಹೇಳದೆ ಮೂರನೇ ಕೊಟೇಷನ್ ಮೇಲೆ ಗೆರೆ ಎಳೆದ. ಪ್ಲಾಸ್ಟಿಕ್ಕಿನದು ಬಿರಿದದ್ದನ್ನು ಕಣ್ಣಾರೆ ಕಂಡಿದ್ದರಿಂದ ಎರಡನೆಯದನ್ನೇ ಆರಿಸಿದೆವು.

ಉಳಿದದ್ದು ಆಯಿಲ್ ಕೂಲರ್. ಟರ್ಬೊದ ಬಿಸಿ ಕಡೆಯ ಚಕ್ರಕ್ಕೆ ಬಡಿಯುವ ಹೊಗೆ ಪೆಟ್ರೋಲ್ ಕಾರಿನಲ್ಲಿ 900 ಡಿಗ್ರಿಯವರೆಗೂ ಹೋಗಬಲ್ಲದು. ಆ ಕಂಬಿ ತಿರುಗುವುದು ಆಯಿಲ್ಲಿನ ತೆಳು ಪದರದ ಮೇಲೆ. ಆದ್ದರಿಂದ ಟರ್ಬೊ ಕಾರಿನಲ್ಲಿ ಆಯಿಲ್ಲಿಗೆ ಎರಡು ಪಟ್ಟು ದುಡಿಮೆ.

ಇಲ್ಲಿ ಅಜ್ಜಿ ಅಡುಗೆಮನೆಯಿಂದಲೇ ಪಾಠ ಮಾಡಿದಳು. "ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿಯಿಂದ ಇಳಿಯುತ್ತಾ? ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆ ಮತ್ತೆ ಉಪಯೋಗಕ್ಕೆ ಬರುತ್ತಾ?" ಮೆಕ್ಯಾನಿಕ್ ಹೇಳಿದ್ದೂ ಅದನ್ನೇ. ಎಂಜಿನ್ ಆಯಿಲ್ ತೀರ ತಣ್ಣಗಿದ್ದರೆ ಗಟ್ಟಿ, ಸಂದಿಗೊಂದಿಗೆ ಬೇಗ ಹೋಗದು. ತೀರ ಬಿಸಿಯಾದರೆ ನೀರಾಗಿ ಪದರ ಹರಿಯುತ್ತದೆ, ಬೇಗ ಹಳಸುತ್ತದೆ. 90ರಿಂದ 110 ಡಿಗ್ರಿ ಅದಕ್ಕೆ ಹಿತ. ಘಾಟಿಯಲ್ಲಿ ಸ್ವಲ್ಪ ಹೊತ್ತು 115-120 ಆದರೆ ಒಳ್ಳೆಯ ಸಿಂಥೆಟಿಕ್ ಆಯಿಲ್ ತಡೆದುಕೊಳ್ಳುತ್ತದೆ. 130 ದಾಟಿ ಅಲ್ಲೇ ನಿಂತರೆ ಚಿಂತೆ ಮಾಡಬೇಕು. ಆಗಾಗ 100ರ ಹತ್ತಿರ ಹೋಗುವುದು ಒಳ್ಳೆಯದೇ, ಆಯಿಲ್ಲಿಗೆ ಸೇರಿದ ನೀರಿನಂಶ ಆವಿಯಾಗಿ ಹೋಗುತ್ತದೆ.

ಚೀಟಿಯಲ್ಲಿದ್ದ ಆಯಿಲ್ ಕೂಲರಿಗೆ ಥರ್ಮೋಸ್ಟಾಟ್ ಇರಲಿಲ್ಲ. ಥರ್ಮೋಸ್ಟಾಟ್ ಅಂದರೆ ಬಾಗಿಲು ಕಾಯುವವನು. ಆಯಿಲ್ ಸುಮಾರು 80 ಡಿಗ್ರಿ ಬರುವವರೆಗೆ ಕೂಲರಿನ ದಾರಿ ಮುಚ್ಚಿರುತ್ತಾನೆ. ಅವನಿಲ್ಲದಿದ್ದರೆ ಶಿವಮೊಗ್ಗದ ಡಿಸೆಂಬರ್ ಬೆಳಿಗ್ಗೆ ಮನೆಯಿಂದ ತರಕಾರಿ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಆಯಿಲ್ ಬಿಸಿಯೇ ಆಗದು. ಇನ್ನೊಂದು ಮಾತು: ಹೊರಗಿನ ಕೂಲರಿಗೆ ಎರಡು ಉದ್ದದ ಹೋಸ್ ಬೇಕು. ಅದರಲ್ಲೊಂದು ಉಜ್ಜಿ ಹರಿದರೆ ಆಯಿಲ್ಲೆಲ್ಲ ರಸ್ತೆಗೆ, ನೋಡನೋಡುತ್ತ ಎಂಜಿನ್ ಮುಗಿದಂತೆ. ಅಗ್ಗದ ಹೋಸ್ ಹಾಕಬಾರದು. ರೇಸ್ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಕಡೆ, ಸುತ್ತಿನ ಮೇಲೆ ಸುತ್ತು ಜೋರಾಗಿ ಓಡಿಸುವವರಿಗೆ ಇಂಥ ಕೂಲರ್ ಬೇಕೇ ಬೇಕು. ಘಾಟಿ ಹತ್ತಿ ಮಗಳ ಮನೆಗೆ ಹೋಗಿ ಬರುವವರಿಗೆ? ಅಷ್ಟಕ್ಕೂ ಮೊಮ್ಮಗನ ಕಾರಿನಲ್ಲಿ ಕಂಪನಿಯವರೇ ಆಯಿಲ್ ಫಿಲ್ಟರಿನ ಬುಡದಲ್ಲಿ ಒಂದು ಸಣ್ಣ ಕೂಲರ್ ಇಟ್ಟಿದ್ದರು. ರೇಡಿಯೇಟರಿನ ನೀರು ಹರಿದು ಆಯಿಲ್ಲನ್ನು ತಣಿಸುವಂಥದ್ದು. ಚಳಿಯಲ್ಲಿ ಅದೇ ನೀರು ಆಯಿಲ್ಲನ್ನು ಬೇಗ ಬೆಚ್ಚಗೂ ಮಾಡುತ್ತದೆ. ಇದ್ದದ್ದು ನಮಗೆ ಗೊತ್ತಿರಲಿಲ್ಲ, ಅಷ್ಟೆ.

"ಮೊದ್ಲು ಸೋರೋದು ನಿಲ್ಲಿಸೋಣ. ಆಮೇಲೂ ಆಯಿಲ್ 125 ದಾಟಿದ್ರೆ ಥರ್ಮೋಸ್ಟಾಟ್ ಇರೋ ಕೂಲರ್ ಹಾಕೋಣ" ಅಂದರು ಮೆಕ್ಯಾನಿಕ್. ಲೆಕ್ಕದಲ್ಲಿ ಅದನ್ನು 'ಬಾಕಿ' ಎಂದು ಬರೆದುಕೊಂಡೆ.

ಖರ್ಚು: ಇಂಟರ್‌ಕೂಲರ್ 14,500. ಹೊಸ ಪೈಪು, ಕ್ಲಿಪ್ಪು 1,200. ಗಾಳಿ ತಿರುಗಿಸುವ ತಗಡು 1,600. ಕಂಪನಿ ಹೇಳಿದ ಗ್ರೇಡಿನ ಆಯಿಲ್, ಫಿಲ್ಟರ್ 4,200. ಒಟ್ಟು 21,500. ಮೆಕ್ಯಾನಿಕ್ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಅಜ್ಜಿ ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಳು, ಅದನ್ನು ಬೇಡ ಅನ್ನಲಿಲ್ಲ. ಮೊಮ್ಮಗನ ಕೈಯಲ್ಲಿದ್ದ 33,000ದಲ್ಲೇ ಎಲ್ಲ ಮುಗಿಯಿತು. ನನ್ನ ಎಫ್.ಡಿ. ಕದಲಲಿಲ್ಲ.

ಮುಂದಿನ ಭಾನುವಾರ ಮತ್ತೆ ಆಗುಂಬೆ. ಅದೇ ಮಧ್ಯಾಹ್ನ, ಅದೇ 33 ಡಿಗ್ರಿ. ಘಾಟಿಯ ಮೇಲ್ತುದಿಯಲ್ಲಿ ಗಾಳಿ 52, ಆಯಿಲ್ 109. ಸೀಟಿಯ ಸದ್ದಿಲ್ಲ. 'ಬಾಕಿ' ಎಂದು ಬರೆದಿದ್ದನ್ನು ಹೊಡೆದುಹಾಕಿದೆ. ಮೇಲೆ ಬಂದು ಕಾರು ನಿಲ್ಲಿಸಿದ ಮೊಮ್ಮಗ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಹಾಗೇ ಬಿಟ್ಟ. ದುಡಿದು ಕೆಂಪಗಾದ ಟರ್ಬೊದಲ್ಲಿ ಆಯಿಲ್ ನಿಂತುಹೋದರೆ ಅಲ್ಲೇ ಸುಟ್ಟು ಕರಕಲಾಗುತ್ತದಂತೆ. ಬಿಸಿಲಲ್ಲಿ ನಡೆದು ಬಂದವರು ಜಗಲಿಯಲ್ಲಿ ಸ್ವಲ್ಪ ಕೂತು ಒಳಗೆ ಹೋಗುವ ಹಾಗೆ.

ಆದರೆ ಅಜ್ಜಿ? ಅಂಕಿಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. "ನಿಮ್ಮ ಐವತ್ತೆರಡು ನಂಗೆ ಬೇಡ" ಅಂದಳು. ಮೊಮ್ಮಗನನ್ನು ಕರೆದು, "ನೀನು ಹೇಳು, ಹತ್ತಬಹುದಾ?" ಎಂದು ಕೇಳಿದಳು. ಅವನು, "ಹತ್ತಬಹುದು ಅಜ್ಜಿ. ಮೂರು ಸಲ ನಾನೇ ಹತ್ತಿಸಿ ನೋಡಿದೀನಿ" ಅಂದ. ಕಳೆದ ಶುಕ್ರವಾರ ಅವಳು ಮೊಸರನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಒಂಬತ್ತನೇ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡಳು. ಹತ್ತನೆಯದರಲ್ಲಿ ತೆರೆದಳು.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಚೀಟಿ ಹಿಡಿದು ಬಂದರೆ ಮೊತ್ತ ನೋಡುವ ಮೊದಲು ಉದ್ದೇಶ ಕೇಳಿ. ಮಕ್ಕಳೇ, ನೀವೂ ಚೀಟಿ ಬರೆಯುವ ಮೊದಲು ಥರ್ಮಾಮೀಟರ್ ಇಡಿ. ಕಾರಿಗೆ ದೊಡ್ಡ ಬದಲಾವಣೆ ಮಾಡಿಸುವ ದೊಡ್ಡವರು ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸುವುದು ಕ್ಷೇಮ.

ಈ ವಾರದ ಲೆಕ್ಕ: ಒಂದು ಗಟ್ಟಿ ಡಬ್ಬಿಯಲ್ಲಿ 87 ಡಿಗ್ರಿ ಸೆಲ್ಸಿಯಸ್ ಬಿಸಿಯ ಗಾಳಿ 320 ಗ್ರಾಂ ಹಿಡಿಸುತ್ತದೆ. ಒತ್ತಡ ಅಷ್ಟೇ ಇದ್ದು ಗಾಳಿ 47 ಡಿಗ್ರಿಗೆ ತಣಿದಿದ್ದರೆ ಅದೇ ಡಬ್ಬಿಯಲ್ಲಿ ಎಷ್ಟು ಗ್ರಾಂ ಹಿಡಿಸೀತು? 273 ಕೂಡಿಸಲು ಮರೆಯಬೇಡಿ.

ಕಳೆದ ವಾರದ ಲೆಕ್ಕದ ಉತ್ತರ: 48 ಮಾವಿನಹಣ್ಣು. ಒಂದು ಅಳಿಲಿಗೆ ಹೋಯಿತು ಎಂದು 47 ಬರೆದವರಿಗೂ ಪೂರ್ತಿ ಅಂಕ.